ಕೆಂಪು ಕಾಗದದ ಬದಾಮಗಳು

ಮರಾಠಿ ಸೀಮೆಯ ನಿಗಡಿ ಎಂಬ ಊರಿನ ನಮ್ಮ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಕೂತವರು ಮೆಲ್ಲಗೆ ಕೆಮ್ಮಿದರೂ ಅಡುಗೆಮನೆಯಲ್ಲಿದ್ದವರಿಗೆ ಕೇಳಿಸುತ್ತಿತ್ತು. ಅಷ್ಟು ಚಿಕ್ಕ ಮನೆ. ಮುಂದೆ ದಿವಾನ ಹಾಕಿದ ಕೋಣೆ, ಅದರ ಬೆನ್ನಿಗೆ ಅಡುಗೆಮನೆ, ಪಕ್ಕದಲ್ಲಿ ಮಲಗುವ ಕೋಣೆ, ಅಡುಗೆಮನೆಗೆ ಅಂಟಿಕೊಂಡಂತೆ ಬಟ್ಟೆ ಒಣಹಾಕುವ ಗ್ಯಾಲರಿ. ಇಂಥ ಮನೆಯಲ್ಲಿ ನನ್ನ ಅಪ್ಪ ಅವ್ವ ಒಬ್ಬರೊಡನೊಬ್ಬರು ಮಾತಾಡದೆ ವರ್ಷಗಳನ್ನು ಕಳೆದರು. ಜಗಳವಾಡುತ್ತಿರಲಿಲ್ಲ, ಪಾತ್ರೆ ಎಸೆಯುತ್ತಿರಲಿಲ್ಲ, ಒಬ್ಬರನ್ನೊಬ್ಬರು ದೂರುತ್ತಲೂ ಇರಲಿಲ್ಲ. ಹೇಳಬೇಕಾದದ್ದನ್ನು ನನ್ನ ಕಡೆಯಿಂದ ಹೇಳಿಸುತ್ತಿದ್ದರು.

"ಮೀನಾ, ನಿಮ್ಮಪ್ಪಾರಿಗೆ ಹೇಳು, ಜ್ವಾಳದ ಹಿಟ್ಟು ತೀರೇದ, ಗಿರಣಿಗೆ ಹೋಗಬೇಕು."

"ನಿಮ್ಮವ್ವಗ ಹೇಳು, ಸಂಜಿಗೆ ಹಾಕಿಸಿಕೊಂಡು ಬರ್ತೀನಿ."

ಇಬ್ಬರ ಮಾತೂ ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೂ ನಾನು ಎದ್ದು ಹೋಗಿ ಹೇಳಲೇಬೇಕು. ಹೇಳದೆ ಆಟದಲ್ಲಿ ಮುಳುಗಿದರೆ ಅವ್ವ ಒಲೆಯ ಮುಂದೆ ಹಾಗೇ ನಿಂತಿರುತ್ತಿದ್ದಳು, ಅಪ್ಪ ಪೇಪರಿನ ಅದೇ ಪುಟವನ್ನು ಹಿಡಿದುಕೊಂಡೇ ಇರುತ್ತಿದ್ದರು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಈ ಕಡೆ ಕೇಳಿದ್ದನ್ನು ಆ ಕಡೆ ಒಂದಕ್ಷರ ಬದಲಿಸದೆ ಹೇಳಿದ ಮೇಲಷ್ಟೇ ಮನೆ ಮುಂದಕ್ಕೆ ಸಾಗುತ್ತಿತ್ತು. ಆಗ ನಾನು ಮೂರನೆಯ ಇಯತ್ತೆಯಲ್ಲಿದ್ದೆ.

ಮೊದಲು ಹೀಗಿರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ, ಕಷ್ಟ ಇರುವುದೂ ಅದರಲ್ಲೇ. ಅಪ್ಪ ಚಿಂಚವಡದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕ್ಲಾರ್ಕು. ಸಂಜೆ ಬಂದು ಕೈಕಾಲು ತೊಳೆದು ಗ್ಯಾಲರಿಯಲ್ಲಿ ಕೂತರೆ ಅವ್ವ ಚಹಾ ಹಿಡಿದುಕೊಂಡು ಎದುರಿಗೆ ಕೂಡುತ್ತಿದ್ದಳು. ಅಪ್ಪ ತಮ್ಮ ಸಾಹೇಬರ ಮರಾಠಿಯನ್ನು ಅಣಕಿಸಿ ತೋರಿಸುತ್ತಿದ್ದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ರವಿವಾರ ಮಧ್ಯಾಹ್ನ ಇಸ್ಪೀಟು. ಅಪ್ಪನ ತಂಗಿ ಸುಧಾ ಅತ್ತಿ ನಮ್ಮ ಮನೆಯಲ್ಲೇ ಇದ್ದಳು, ಅಜ್ಜ ಅಜ್ಜಿ ತೀರಿಕೊಂಡ ಮೇಲೆ ಅವಳಿಗೆ ಅಣ್ಣನ ಮನೆಯೇ ತವರು. ಮೂವರೂ ಆಡುವಾಗ ಅವ್ವ ಸೋತರೆ ಅಪ್ಪ, "ಗದಗಿನಾಕಿ, ನಿನ್ನ ಕೈಲಿ ಆಗೂದಿಲ್ಲ ಬಿಡು" ಎಂದು ಕಾಡುತ್ತಿದ್ದರು. ಅವ್ವನ ತವರು ಗದಗ. ಅಲ್ಲಿ ಅವಳ ಅಪ್ಪ ಇದ್ದರು, ಮೆತ್ತಗಿನ ಧ್ವನಿಯ ಮುದುಕರು. ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಶೇಂಗಾ ಸುಲಿದು ಕೊಡುತ್ತಿದ್ದರು.

ಸುಧಾ ಅತ್ತಿಯ ನಿಶ್ಚಯದ ದಿನ ಎಲ್ಲ ಬದಲಾಯಿತು. ಅವಳಿಗೆ ಬಂದ ಎರಡು ಸಂಬಂಧಗಳು ಕೊನೆಯ ಗಳಿಗೆಯಲ್ಲಿ ತಪ್ಪಿಹೋಗಿದ್ದವು. ಕೊಲ್ಹಾಪುರದ ಈ ಮನೆತನದವರು ಒಪ್ಪಿದ್ದೇ ದೊಡ್ಡದು ಎಂದು ಅಪ್ಪ ಆ ತಿಂಗಳೆಲ್ಲ ಹಗುರಾಗಿ ಓಡಾಡುತ್ತಿದ್ದರು. ಅಂದು ಅವ್ವ ನಸುಕಿನಲ್ಲೇ ಎದ್ದು ಕಡಲೆಬೇಳೆ ಕುದಿಸಿ ಹೂರಣ ರುಬ್ಬಿದ್ದಳು. ಮುಂದಿನ ಕೋಣೆಯ ದಿವಾನವನ್ನು ಎತ್ತಿ ಜಮಖಾನ ಹಾಸಿದ್ದರು. ಅಪ್ಪ ಮೊಸರು ತರಲು ಕೆಳಗಿನ ಕಿರಾಣಿ ಅಂಗಡಿಗೆ ಹೋದರು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಊರವರು ಆ ಅಂಗಡಿಗೇ ಫೋನ್ ಮಾಡುತ್ತಿದ್ದರು. ಅಪ್ಪ ಬರುವುದು ತಡವಾಯಿತು.

"ಯಾಕ ಇಷ್ಟೊತ್ತು?" ಅವ್ವ ಹೋಳಿಗೆ ಲಟ್ಟಿಸುತ್ತಲೇ ಕೇಳಿದಳು.

"ಮೊಸರು ಬಂದಿದ್ದಿಲ್ಲ," ಎಂದರು ಅಪ್ಪ.

ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು. ಗಂಡಿನ ಕಡೆಯವರು ಬಂದರು, ತಾಂಬೂಲ ಬದಲಾಯಿಸಿದರು, ಅತ್ತಿಯ ಮಡಿಲು ತುಂಬಿದರು. ಅವ್ವ ಹಸಿರು ಇಳಕಲ್ ಸೀರೆಯುಟ್ಟು, ತುರುಬಿಗೆ ಅಬ್ಬಲಿಗೆ ಮುಡಿದು, ತಾನೇ ಮದುವಣಗಿತ್ತಿಯ ಹಾಗೆ ಕೆಂಪಗಾಗಿ ಓಡಾಡುತ್ತಿದ್ದಳು. ಊಟಕ್ಕೆ ಮುಂಚೆ ಗಂಡಿನ ತಾಯಿ, "ನಿಮ್ಮ ಕಡೆ ಹಾಡು ಭಾಳ ಛಲೋ ಇರ್ತಾವಂತ, ಒಂದು ಹೇಳ್ರಿ ವೈನಿ" ಎಂದರು. ಅವ್ವನಿಗೆ ನಾಚಿಕೆ. ಅಪ್ಪನ ಮುಖ ನೋಡಿದಳು. ಅಪ್ಪ ಹೂಂ ಎಂಬಂತೆ ತಲೆಯಾಡಿಸಿದರು. ಅವ್ವ ಹಾಡಿದಳು. ಅಪ್ಪ ಗೋಡೆಗೆ ಒರಗಿ ಕೂತು ಕೇಳಿದರು. ಅವರ ತಟ್ಟೆಯಲ್ಲಿ ಅಂದು ಹೋಳಿಗೆ ಹಾಗೇ ಉಳಿದಿತ್ತು. ಮಂದಿಯ ಗದ್ದಲದಲ್ಲಿ ಯಾರೂ ಲಕ್ಷ್ಯ ಕೊಡಲಿಲ್ಲ.

ಬೀಗರು ಹೋದ ಮೇಲೆ, ಸಂಜೆ, ಅವ್ವ ಹಂಚು ತಿಕ್ಕುತ್ತಿದ್ದಾಗ ಅಪ್ಪ ಅಡುಗೆಮನೆಗೆ ಬಂದು ಹೇಳಿದರು. ಗದಗಿನ ಅಜ್ಜ ಹೋಗಿಬಿಟ್ಟಿದ್ದರು. ಸೋದರಮಾವ ಫೋನ್ ಮಾಡಿ ಹೇಳಿದ್ದ. ಹೇಳಿದ್ದರೆ ಮನೆಗೆ ಮೈಲಿಗೆ ಬರುತ್ತಿತ್ತು, ನಿಶ್ಚಯ ನಿಲ್ಲುತ್ತಿತ್ತು, ಕೊಲ್ಹಾಪುರದವರು ಅಪಶಕುನವೆಂದು ಎದ್ದು ಹೋಗುತ್ತಿದ್ದರು. ಅಪ್ಪ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಅವ್ವ ಅಳಲಿಲ್ಲ. ಹಂಚನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಕೇಳಿದಳು.

"ಫೋನ್ ಎಷ್ಟೊತ್ತಿಗೆ ಬಂದಿತ್ತು?"

"ಮುಂಜಾನೆ."

ಅವ್ವ ಅಪ್ಪನೊಡನೆ ನೇರವಾಗಿ ಆಡಿದ ಕಡೆಯ ಮಾತು ಅದೇ. ಅಂದೇ ಬಸ್ಸು ಹತ್ತಿ ಗದಗಿಗೆ ಹೋದೆವು. ನಾವು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ತಿರುಗಿ ಬಂದ ಮೇಲೆ ಅವ್ವ ಅಡುಗೆ ಮಾಡಿದಳು, ಅಪ್ಪನ ಅಂಗಿಗೆ ಇಸ್ತ್ರಿ ಹಾಕಿದಳು, ಡಬ್ಬಿ ಕಟ್ಟಿದಳು. ಅತ್ತಿಯ ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಎಲ್ಲವನ್ನೂ ನಡೆಸಿಕೊಟ್ಟಳು. ಬಿಟ್ಟದ್ದು ಎರಡನ್ನೇ. ಗಂಡನೊಡನೆ ಮಾತು, ಕೈಯಾರೆ ಸಿಹಿ ಮಾಡುವುದು. ನಾಗಪಂಚಮಿಗೆ ಉಂಡಿಯಿಲ್ಲ, ಹೋಳಿ ಹುಣ್ಣಿಮೆಗೆ ಹೋಳಿಗೆಯಿಲ್ಲ. ದೇವರ ನೈವೇದ್ಯಕ್ಕೆ ಬೆಲ್ಲದ ಚೂರು. ನನ್ನ ಹುಟ್ಟಿದ ದಿನಕ್ಕೆ ಅಪ್ಪ ಅಂಗಡಿಯಿಂದ ಪೇಢೆ ತಂದರು.

ನಮ್ಮ ಕೆಳಗಿನ ಮಹಡಿಯಲ್ಲಿ ಶಾಲಿನಿ ಕಾಕೂ ಇದ್ದರು. ಗಂಡ ಇರಲಿಲ್ಲ, ಮಕ್ಕಳು ದೊಡ್ಡವರಾಗಿ ಬೇರೆ ಊರಲ್ಲಿದ್ದರು. ಕಾಕೂ ಮನೆಯಲ್ಲೇ ಮಕ್ಕಳಿಗೆ ಕಾಗದದ ಕೆಲಸ, ಬಿಸ್ಕೀಟು, ಕೇಕು ಕಲಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. ಅವರ ಮನೆಯಲ್ಲಿ ಯಾವಾಗಲೂ ರೇಡಿಯೋ ಹಾಡುತ್ತಿತ್ತು, ಕಾಕೂ ರೇಡಿಯೋದ ಜೊತೆಗೂ ಮಾತಾಡುತ್ತಿದ್ದರು. ನಮ್ಮ ಮನೆಯಿಂದ ಇಳಿದು ಅಲ್ಲಿಗೆ ಹೋದರೆ ಕಿವಿಯ ಹತ್ತಿ ತೆಗೆದ ಹಾಗೆ ಅನಿಸುತ್ತಿತ್ತು. ಆ ವರ್ಷಗಳಲ್ಲೇ ಚಿಂಚವಡದ ಗಿಫ್ಟ್ ಅಂಗಡಿಗಳ ಗಾಜಿನ ಹಿಂದೆ ಫೆಬ್ರುವರಿ ಬಂತೆಂದರೆ ಕೆಂಪು ಹೃದಯಗಳು ತೂಗಾಡತೊಡಗಿದ್ದವು. ಕಾಕೂ ನಮಗೂ ಅದನ್ನೇ ಕಲಿಸಿದರು. ಮರಾಠಿಯಲ್ಲಿ ಅದಕ್ಕೆ ಅವರು ಬದಾಮ ಎನ್ನುತ್ತಿದ್ದರು, ಇಸ್ಪೀಟಿನ ಕೆಂಪು ಬದಾಮ. ಮಿಂಚುವ ಕೆಂಪು ಕಾಗದವನ್ನು ನಡುವೆ ಮಡಚಿ, ಮಡಿಕೆಯ ಕಡೆಯಿಂದ ಅರ್ಧ ಬದಾಮ ಬರೆದು ಕತ್ತರಿಸಬೇಕು. ಬಿಚ್ಚಿದರೆ ಇಡಿಯದು. ಮಡಿಕೆಯನ್ನು ತಪ್ಪಿ ಬಿಚ್ಚುವ ಅಂಚಿನಿಂದ ಕತ್ತರಿಸಿದವರಿಗೆ ಎರಡು ತುಂಡು ಕೈಗೆ ಬರುತ್ತಿತ್ತು, ಕಾಕೂ ನಗುತ್ತ ಬೇರೆ ಕಾಗದ ಕೊಡುತ್ತಿದ್ದರು. ಪ್ರೀತಿಯಿರುವವರಿಗೆ ಇದನ್ನು ಕೊಡುತ್ತಾರಂತೆ ಎಂದು ನನ್ನ ಪಕ್ಕ ಕೂತ ಹುಡುಗಿ ಹೇಳಿದಳು. ನಾನು ಸಣ್ಣ ಮತ್ತು ದೊಡ್ಡ ಬದಾಮಗಳನ್ನು ದಾರಕ್ಕೆ ಪೋಣಿಸಿ ತೋರಣ ಮಾಡಿದೆ. ತಂದು ಅಡುಗೆಮನೆಯ ಬಾಗಿಲಿಗೆ ಕಟ್ಟಿದೆ, ಇಬ್ಬರೂ ಅದರ ಕೆಳಗೇ ಹಾಯಬೇಕಲ್ಲ ಎಂದು.

ಅಪ್ಪ ಸಂಜೆ ಬಂದು ತಲೆಯೆತ್ತಿ ನೋಡಿದರು.

"ಬದಾಮಿನ ಎಕ್ಕಾ! ಯಾರು ಮಾಡಿದ್ದು, ನೀನ?"

ಅವ್ವನೂ ಒಳಗಿನಿಂದ ನೋಡಿದಳು. "ಅರಳಿ ಎಲಿ ಹಂಗ ಕಾಣ್ತಾವ" ಎಂದಳು, ನನಗೆ. ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತಾಡಿದರಲ್ಲ ಎಂದು ನನಗೆ ಆ ರಾತ್ರಿ ಖುಷಿಯಿಂದ ನಿದ್ದೆ ಬರಲಿಲ್ಲ. ಮರುದಿನ ಗಮನಿಸಿದೆ. ಅಪ್ಪ ಎತ್ತರದವರು, ತೋರಣ ತಾಗದಂತೆ ಬಗ್ಗಿ ಹಾಯ್ದರು. ಅವ್ವ ಗಿಡ್ಡಳು, ಅವಳಿಗೆ ಬಗ್ಗುವ ಪ್ರಸಂಗವೇ ಬರಲಿಲ್ಲ. ಆಮೇಲೆ ಅವ್ವ ಜೇಡರ ಬಲೆ ತೆಗೆಯುವಾಗ ತೋರಣವನ್ನು ಜೋಪಾನವಾಗಿ ಬಿಚ್ಚಿ, ಮಡಚಿ, ನನ್ನ ಪಾಟಿಚೀಲದ ಪಕ್ಕ ಇಟ್ಟಳು. ಹರಿದು ಬಿಸಾಡಿದ್ದರೆ ನಾನು ಅಳಬಹುದಿತ್ತು. ಅಷ್ಟು ಜೋಪಾನವಾಗಿ ಇಟ್ಟವಳ ಮೇಲೆ ಹೇಗೆ ಸಿಟ್ಟಾಗುವುದು?

ನಂತರ ನಾನ್‌ಕಟಾಯಿ ಬಿಸ್ಕೀಟು. ಕಾಕೂನ ಬಳಿ ಅಲ್ಯುಮಿನಿಯಂನ ದುಂಡನೆಯ ಒವನ್ ಇತ್ತು, ಮುಚ್ಚಳದ ನಡುವೆ ಗಾಜಿನ ಕಣ್ಣು. ಡಾಲ್ಡಾ, ಸಕ್ಕರೆಪುಡಿ, ಮೈದಾ, ಚೂರು ಯಾಲಕ್ಕಿ. ನಾದಿದ ಹಿಟ್ಟನ್ನು ತಗಡಿನ ಬದಾಮದಿಂದ ಒತ್ತಿ ತೆಗೆದು ತಟ್ಟೆಯಲ್ಲಿ ಜೋಡಿಸುತ್ತಿದ್ದೆವು. ಬೇಯುವಾಗ ಅವು ಉಬ್ಬಿ ಮೇಲೆ ಬಿರುಕು ಬಿಡುತ್ತಿದ್ದವು. ನಾನ್‌ಕಟಾಯಿ ಬಿರಿಯಲೇಬೇಕು, ಬಿರಿಯದಿದ್ದರೆ ಒಳಗೆ ಹಸಿ ಉಳಿದಿದೆ ಎಂದರ್ಥ, ಎನ್ನುತ್ತಿದ್ದರು ಕಾಕೂ. ನನ್ನ ಪಾಲಿನವನ್ನು ತಟ್ಟೆಯಲ್ಲಿಟ್ಟುಕೊಂಡು, ಬಿಸಿಬಿಸಿಯಾಗಿಯೇ ಮೆಟ್ಟಿಲು ಹತ್ತಿದೆ. ಅಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಭಾಳ ಛಲೋ ಆಗ್ಯಾವ. ನಿಮ್ಮವ್ವಗ ಕೊಡು ಹೋಗು, ಬಿಸಿ ಇದ್ದಾಗ ಕೊಡು."

ಅವ್ವ ಗ್ಯಾಲರಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ತಟ್ಟೆ ಮುಂದೆ ಹಿಡಿದೆ. ಅವಳು ಒಂದನ್ನು ಎತ್ತಿ ನೋಡಿ, ಮೂಸಿ, ತಿರುಗಿ ತಟ್ಟೆಗೇ ಇಟ್ಟಳು.

"ನೀ ತಿನ್ನು."

"ನಾ ನಿನ್ನ ಸಲುವಾಗಿ ಮಾಡೀನಿ. ಅಪ್ಪ ತಿಂದ್ರು. ನೀನು ತಿಂದ್ರ..." ಮುಂದಿನ ಮಾತು ಏನೆಂದು ನನಗೇ ಗೊತ್ತಿರಲಿಲ್ಲ. "ನೀನು ತಿಂದ್ರ ಎಲ್ಲಾ ಸರಿ ಆಗ್ತದ."

ಅವ್ವ ಒಣಗಿದ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕೆಳಗೆ ಕೂತಳು. ನನ್ನನ್ನೂ ಕೂಡಿಸಿಕೊಂಡಳು. ಸಣ್ಣವಳಿಗೆ ಹೇಳಬಾರದೆಂದು ಇಷ್ಟು ದಿನ ತಡೆದುಕೊಂಡಿದ್ದಳೇನೋ.

"ನಿಮ್ಮಜ್ಜನ ಮಾರಿ ನೋಡಲಿಕ್ಕೆ ಸಿಗಲಿಲ್ಲಂತ ನನಗ ಸಿಟ್ಟಿಲ್ಲ ಮೀನಾ. ಗದಗ ದೂರದ. ಹೇಳಿದ್ರೂ ಮುಟ್ಟತಿದ್ದಿಲ್ಲೇನೋ. ಆದ್ರ ನಾ ಅವತ್ತ ಹೂವು ಮುಡಕೊಂಡಿದ್ದೆ. ಮಂದಿ ನಕ್ಕಾಗ ನಕ್ಕೆ. ನಮ್ಮಪ್ಪನ್ನ ಎತ್ತಿಕೊಂಡು ಹೋಗೂ ಹೊತ್ತಿನ್ಯಾಗ ನಾ ಹೋಳಿಗಿಗೆ ತುಪ್ಪಾ ಹಾಕ್ಕೋತ ನಿಂತಿದ್ದೆ. ಹಾಡು ಹೇಳ್ರಿ ಅಂದಾಗ ನಾ ಅವರ ಮಾರಿ ನೋಡಿದೆ. ಹೂಂ ಅಂದ್ರು. ಎಲ್ಲಾ ಗೊತ್ತಿದ್ದು ಹೂಂ ಅಂದ್ರು."

ಅವಳ ಧ್ವನಿ ಏರಲಿಲ್ಲ, ಕಣ್ಣಲ್ಲಿ ನೀರಿರಲಿಲ್ಲ. ನನ್ನ ಲಂಗದ ಗುಂಡಿಯೊಂದು ಸಡಿಲಾಗಿದ್ದನ್ನು ನೋಡಿ ಅದನ್ನು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದಳು.

"ಸಿಹಿ ಮಾಡಬೇಕಂದ್ರ ನನ್ನ ಕೈ ಏಳೂದಿಲ್ಲ. ತಿನಬೇಕಂದ್ರ ಗಂಟಲಾಗ ಇಳಿಯೂದಿಲ್ಲ. ನೀ ಮಾಡಿದ್ದು ಛಲೋ ಆಗಿರ್ತದ. ತಿನ್ನು. ನೀ ಇದರಾಗ ಬರಬ್ಯಾಡ."

ಇದರಲ್ಲಿ ಬರಬೇಡ ಎಂದರೆ ಎಲ್ಲಿಗೆ ಹೋಗುವುದು? ನಾನು ಹೊಸ್ತಿಲ ಮೇಲೆ ನಿಲ್ಲದಿದ್ದರೆ ಮನೆಗೆ ಹಿಟ್ಟು ಬರುತ್ತಿರಲಿಲ್ಲ. ಅವ್ವ ಹೇಳಿದ್ದು ಅರ್ಧಕ್ಕರ್ಧ ಅರ್ಥವಾಗಿತ್ತು. ಅಷ್ಟಕ್ಕೇ ಸೋಲುವ ವಯಸ್ಸಲ್ಲ ಅದು. ಇನ್ನೂ ದೊಡ್ಡದೇನಾದರೂ ಮಾಡಬೇಕು ಎಂದುಕೊಂಡೆ. ಮೇ ತಿಂಗಳಲ್ಲಿ ಅಪ್ಪ ಅವ್ವ ಮದುವೆಯಾದ ದಿನ ಬರುತ್ತಿತ್ತು. ಆಗ ಶಾಲೆಗೂ ಸೂಟಿ. ಕಾಕೂಗೆ ಹೇಳಿದೆ, ಬದಾಮದ ಆಕಾರದ ಕೇಕು ಬೇಕು, ಎಲ್ಲರನ್ನೂ ಕರೆಯಬೇಕು. ಕಾಕೂಗೆ ನಮ್ಮ ಮನೆಯ ವಿಷಯ ಗೊತ್ತಿತ್ತು, ಇಡೀ ಕಟ್ಟಡಕ್ಕೇ ಗೊತ್ತಿತ್ತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮಾಡೋಣ ಎಂದರು.

ಅದಕ್ಕೂ ಮುಂಚಿನ ರವಿವಾರ ನಾನು ಜಮಖಾನದ ಮೇಲೆ ಕಾಗದ ಹರಡಿಕೊಂಡು ಕತ್ತರಿಸುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ತಾವೂ ಶುರುಮಾಡಿದರು. ಅವರ ಕೈ ನನ್ನದಕ್ಕಿಂತ ಚೆನ್ನಾಗಿತ್ತು, ಬಿಚ್ಚಿದರೆ ಎರಡೂ ಕಡೆ ಸರಿಸಮ. ಅವ್ವ ತರಕಾರಿ ತರಲು ಆಕುರ್ಡಿಯ ಸಂತೆಗೆ ಹೋಗಿದ್ದಳು. ಅಪ್ಪ ತಲೆಯೆತ್ತದೆ ಕೇಳಿದರು.

"ನಿಮ್ಮವ್ವ ನಿನ್ನ ಮುಂದ ಏನರ ಹೇಳ್ಯಾಳೇನು? ಅವತ್ತಿಂದು?"

ಗ್ಯಾಲರಿಯಲ್ಲಿ ಕೇಳಿದ್ದನ್ನು ಹೇಳಿದೆ. ಹೂವು, ತುಪ್ಪ, ಹಾಡು, ಎಲ್ಲವನ್ನೂ ಎಂದಿನಂತೆ ಒಂದಕ್ಷರ ಬದಲಿಸದೆ. ಅಪ್ಪನ ಕೈಯಲ್ಲಿ ಕತ್ತರಿ ನಿಂತುಬಿಟ್ಟಿತು.

"ಆ ಹಾಡು ಮುಗಿಯೂತನಕ ನಾ ಹೆಂಗ ಕೂತಿದ್ನೋ ನನಗ ಗೊತ್ತು," ಎಂದರು. ಅರ್ಧ ಕತ್ತರಿಸಿದ ಕಾಗದವನ್ನು ಕೆಳಗಿಟ್ಟು, "ಸುಧಾಗ ಮೂರನೇದೂ ತಪ್ಪಿದ್ರ ಅಕಿ ಬಾವಿ ನೋಡಕೋತಿದ್ಳು. ನಿಮ್ಮವ್ವಗ ಅದೂ ಗೊತ್ತದ."

ಆ ದಿನ ನನಗೆ ಇಬ್ಬರ ಮೇಲೂ ಒಂದೇ ಸಮನೆ ಮರುಕ ಬಂತು. ಯಾರ ಪಕ್ಷವನ್ನೂ ಹಿಡಿಯಲಾಗದ ಸ್ಥಿತಿ ಅದು. ದೊಡ್ಡವಳಾದ ಮೇಲೂ ಅದರಿಂದ ನಾನು ಹೊರಗೆ ಬಂದಿಲ್ಲ. ಇಬ್ಬರು ಜಗಳವಾಡುತ್ತಿದ್ದರೆ ಇಬ್ಬರದೂ ಸರಿ ಎನಿಸಿ ಸುಮ್ಮನೆ ಎದ್ದುಹೋಗುತ್ತೇನೆ. ನನ್ನ ಗಂಡ ಆಫೀಸಿನ ದಣಿವಿಗೆ ಒಂದು ತಾಸು ಮಾತಾಡದೆ ಕೂತರೂ ಮತ್ತೆ ಮತ್ತೆ ಹೋಗಿ ಚಹಾ ಬೇಕೇ ಎಂದು ಕೇಳುತ್ತೇನೆ.

ಕೇಕಿನ ಉಪಾಯ ಕಾಕೂದು. ದುಂಡನೆಯ ಕೇಕು ಒಂದು, ಚೌಕದ್ದು ಒಂದು. ಚೌಕವನ್ನು ಮೂಲೆ ಕೆಳಗಾಗುವಂತೆ ಓರೆಯಾಗಿಟ್ಟು, ದುಂಡನೆಯದನ್ನು ನಡುವೆ ಕೊಯ್ದು, ಎರಡು ಅರ್ಧಗಳನ್ನು ಚೌಕದ ಮೇಲಿನ ಎರಡು ಮಗ್ಗುಲಿಗೆ ಕೂಡಿಸಿದರೆ ಬದಾಮ. ನಾನು ಬೆಣ್ಣೆ ಮತ್ತು ಸಕ್ಕರೆಪುಡಿಯನ್ನು ನುಣ್ಣಗೆ ಕಲಸಿ ಗುಲಾಬಿ ಬಣ್ಣ ಹಾಕಿದೆ. ಕೂಡಿಸಿದ ಗೆರೆಗಳು ಕಾಣದಂತೆ ಕಾಕೂ ಅದನ್ನು ಚಾಕುವಿನಿಂದ ಸವರಿದರು. ಮೇ ತಿಂಗಳ ಸೆಖೆಗೆ ಬೆಣ್ಣೆ ಕರಗಿ ಜಾರುತ್ತಿತ್ತು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯ ಕೆಳಗೆ ಇಟ್ಟು ಕಾಯ್ದೆವು. ಮುಂದಿನ ಕೋಣೆಯ ತುಂಬ ನಾನೂ ಅಪ್ಪನೂ ಕತ್ತರಿಸಿದ ಬದಾಮಗಳ ತೋರಣ. ನೆರೆಯವರು ಬಂದರು. ಕೊಲ್ಹಾಪುರದಿಂದ ಸುಧಾ ಅತ್ತಿಯೂ ಬಂದಳು, ಬಸುರಿ. ಬಂದವಳೇ ಅಡುಗೆಮನೆಗೆ ಹೋಗಿ ಅವ್ವನ ಕಾಲು ಹಿಡಿದುಕೊಂಡಳು.

"ವೈನಿ, ನನ್ನ ಸಲುವಾಗಿ ಆಗಿದ್ದದು. ನನಗ ಬೈರಿ. ಅಣ್ಣನ ಜೋಡಿ ಮಾತಾಡ್ರಿ."

"ಏಳವಾ, ಹೊಟ್ಟೀಲಿದ್ದಾಕಿ ಹಿಂಗ ಬಗ್ಗಬಾರದು," ಎಂದಳು ಅವ್ವ. "ನಿಂದೇನೂ ತಪ್ಪಿಲ್ಲ. ನೀ ಸುಖವಾಗಿದ್ದೀಯಲ್ಲ, ಅಷ್ಟು ಸಾಕು." ಅತ್ತಿಯ ಕಣ್ಣು ಒರೆಸಿ ಅವಳಿಗೆ ಮಜ್ಜಿಗೆ ಕೊಟ್ಟಳು.

ಕೇಕಿನ ಮುಂದೆ ಅಪ್ಪ ಅವ್ವ ಪಕ್ಕಪಕ್ಕದಲ್ಲಿ ನಿಂತರು. ಮಂದಿ ಚಪ್ಪಾಳೆ ತಟ್ಟಿದರು. ಒಂದೇ ಚಾಕುವನ್ನು ಇಬ್ಬರೂ ಹಿಡಿಯಬೇಕೆಂದು ಯಾರೋ ಕೂಗಿದರು. ಹಿಡಿದರು. ಈಗ ವೈನಿಗೆ ತಿನ್ನಿಸ್ರಿ ಎಂದು ಹೆಂಗಸರು ಗಲಾಟೆ ಮಾಡಿದರು. ಅಪ್ಪ ಸಣ್ಣ ತುಂಡು ಮುರಿದು ಅವ್ವನ ಬಾಯಿಯ ಹತ್ತಿರ ಹಿಡಿದರು. ಅವ್ವ ಬಾಯಿ ತೆರೆದಳು. ಅಗಿದಳು. ನುಂಗಿದಳು. ಮಂದಿಯ ಕಡೆ ನೋಡಿ ನಕ್ಕಳು ಕೂಡ. ನಾನು ಕಾಕೂನ ಸೀರೆ ಹಿಡಿದುಕೊಂಡು ಕುಣಿದಾಡಿದೆ. ನನ್ನ ಬಾಲ್ಯದಲ್ಲಿ ನಾನು ಪೂರ್ತಿ ನಂಬಿದ ಗಳಿಗೆ ಯಾವುದೆಂದು ಕೇಳಿದರೆ ಅದೇ.

ಎಲ್ಲರೂ ಹೋದ ಮೇಲೆ, ಅತ್ತಿ ಒಳಗೆ ಅಡ್ಡಾಗಿದ್ದಾಗ, ಅವ್ವ ಜಮಖಾನ ಮಡಚುತ್ತಿದ್ದಳು. ಅಪ್ಪ ಅವಳ ಎದುರಿಗೆ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಅವಳನ್ನೇ ಕರೆದರು.

"ಶಾಂತಾ, ತಪ್ಪಾತು."

ಜಮಖಾನ ಅವ್ವನ ಕೈಯಲ್ಲೇ ನಿಂತಿತು. ಅವಳು ಅಪ್ಪನನ್ನು ನೋಡಿದಳು, ಎಷ್ಟೋ ದಿನಗಳ ಮೇಲೆ ಕಣ್ಣಿಗೆ ಕಣ್ಣು ಕೊಟ್ಟು. ತುಟಿಗಳು ಅಲುಗಿದವು. ಈಗ ಮಾತಾಡುತ್ತಾಳೆ ಎಂದುಕೊಂಡೆ. ಆದರೆ ಅವಳು ನನ್ನ ಕಡೆ ತಿರುಗಿದಳು.

"ಕೇಳು ಮೀನಾ. ಅಂಥಾ ದಿನಾ ಮತ್ತ ಬಂದ್ರ ನನಗ ಹೇಳ್ತಾರೇನು ಅಂತ ಕೇಳು."

ನಾನು ಅಪ್ಪನನ್ನು ನೋಡಿದೆ. ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. "ಅಂಥಾ ದಿನಾ ಮತ್ತ ಬಂದ್ರ ಹೇಳ್ತೀರೇನಪ್ಪಾ?" ಹೌದು ಎಂದರೆ ಮುಗಿಯುತ್ತಿತ್ತು. ಹೌದು ಅನ್ನಿ ಎಂದು ಮನಸ್ಸಿನಲ್ಲೇ ಎಷ್ಟು ಗೋಗರೆದೆನೋ. ಅಪ್ಪ ಒಳಗಿನ ಕೋಣೆಯ ಕಡೆ ನೋಡಿದರು. ಅಲ್ಲಿ ಅತ್ತಿ ಮಗ್ಗುಲಾಗಿ ಮಲಗಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅಪ್ಪ ಸುಳ್ಳು ಹೇಳಿದ್ದು ಜೀವನದಲ್ಲಿ ಒಂದೇ ದಿನ ಇರಬೇಕು, ಆ ಮೊಸರಿನದು. ಇನ್ನೊಂದು ಹೇಳಲು ಅವರಿಂದ ಆಗಲಿಲ್ಲ.

"ಗೊತ್ತಿಲ್ಲ ಅಂತ ಹೇಳು," ಎಂದರು.

ಅವ್ವ ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದೇ ಎಂಬಂತೆ. ಜಮಖಾನ ಮಡಚಿ ಅಟ್ಟದ ಮೇಲೆ ಇಟ್ಟಳು. ಉಳಿದ ಕೇಕನ್ನು ನೆರೆಯವರಿಗೆ ಹಂಚಿ ಬರಲು ನನ್ನನ್ನು ಕಳಿಸಿದಳು. ಗುಲಾಬಿ ಬೆಣ್ಣೆ ಇಳಿದುಹೋಗಿ ಕೂಡಿಸಿದ ಗೆರೆಗಳು ಎದ್ದು ಕಾಣುತ್ತಿದ್ದವು. ಕಾಕೂನ ಮನೆಯ ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡು ನಿಂತೆ. ಅವರು ರೇಡಿಯೋ ಬಂದ್ ಮಾಡಿ, ನನ್ನನ್ನು ಒಳಗೆ ಕರೆದು ಕೂಡಿಸಿಕೊಂಡರು. ಆಮೇಲೆ ನಾನು ಅವರ ಕ್ಲಾಸಿಗೆ ಹೋಗಲಿಲ್ಲ. ಕಾಗದ ಕತ್ತರಿಸುವುದರಲ್ಲಿ ಮಕ್ಕಳ ಆಟಕ್ಕಿಂತ ಹೆಚ್ಚಿನದೇನೂ ಇಲ್ಲ ಎಂದು ನನ್ನಷ್ಟು ಬೇಗ ತಿಳಿದುಕೊಂಡವರು ಆ ಕಟ್ಟಡದಲ್ಲಿ ಇರಲಿಲ್ಲವೇನೋ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಕಂಪನಿ ತಳೇಗಾಂವ ದಾಭಾಡೆಯಲ್ಲಿ ಹೊಸ ಗೋದಾಮು ತೆರೆಯಿತು. ಅಪ್ಪ ತಾವಾಗಿಯೇ ಕೇಳಿ ಅಲ್ಲಿಗೆ ಹಾಕಿಸಿಕೊಂಡರು. ಆಕುರ್ಡಿಯಿಂದ ಲೋಕಲ್ ರೈಲು ಹಿಡಿದರೆ ದಿನಾಲೂ ಹೋಗಿ ಬರಬಹುದಾದ ದೂರ. ಆದರೂ ಪಾಳಿಯ ಹೊತ್ತು ಸರಿಹೊಂದುವುದಿಲ್ಲವೆಂದು ಅಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದರು. ಮೊದಮೊದಲು ಪ್ರತಿ ರವಿವಾರ ಬರುತ್ತಿದ್ದರು, ಆಮೇಲೆ ಹಬ್ಬಕ್ಕೆ. ನಿವೃತ್ತಿಯಾದ ಮೇಲೂ ಆ ಖೋಲಿಯನ್ನು ಬಿಡಲಿಲ್ಲ, ಅಲ್ಲೇ ತೀರಿಕೊಂಡರು. ಸುದ್ದಿ ಬಂದ ಕೂಡಲೇ ನಾನು ಅವ್ವನಿಗೆ ಹೇಳಿದೆ, ಒಂದು ನಿಮಿಷವೂ ತಡಮಾಡಲಿಲ್ಲ. ಅವಳು ಹೋಗಿ ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಈಗ ಕೋಥರೂಡದಲ್ಲಿ ನನ್ನ ಜೊತೆ ಇದ್ದಾಳೆ. ಅಪ್ಪನ ಬಗ್ಗೆ ಕೆಟ್ಟ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ, ಒಳ್ಳೆಯ ಮಾತನ್ನೂ ಕೇಳಿಲ್ಲ. ಎಂದಾದರೂ ಸರಿಹೋಗಬಹುದಿತ್ತೇ ಎಂದು ಮೊದಲೆಲ್ಲ ಯೋಚಿಸುತ್ತಿದ್ದೆ. ಈಗ ಅಪ್ಪ ತಳೇಗಾಂವಕ್ಕೆ ಹೊರಟ ಆ ಮುಂಜಾನೆಯನ್ನು ಮಾತ್ರ ನೆನೆಯುತ್ತೇನೆ.

ಅಂದು ಅವ್ವ ಬೇಗ ಎದ್ದು ರೊಟ್ಟಿ ಬಡಿದು, ಎಣಗಾಯಿ ಪಲ್ಯ, ಶೇಂಗಾ ಹಿಂಡಿ ಕಟ್ಟಿದ್ದಳು. ಒಗೆದ ಬಟ್ಟೆಗಳನ್ನು ಟ್ರಂಕಿನಲ್ಲಿ ಜೋಡಿಸಿ, ಮೇಲೆ ಹಾಸಿಗೆಯ ಚಾದರ ಇಟ್ಟಿದ್ದಳು. ಅಪ್ಪ ಬುತ್ತಿಯ ಗಂಟು ಮತ್ತು ಟ್ರಂಕನ್ನು ಬಾಗಿಲ ಹೊರಗಿಟ್ಟು ಚಪ್ಪಲಿ ಮೆಟ್ಟಿಕೊಂಡರು. ಮೆಟ್ಟಿಲ ಕಡೆ ತಿರುಗಿದವರು ಮತ್ತೆ ಒಳಗೆ ಬಂದು ಮುಂದಿನ ಕೋಣೆಯ ನಡುವೆ ನಿಂತರು. ಅಡುಗೆಮನೆಯಲ್ಲಿ ಸಪ್ಪಳವಿರಲಿಲ್ಲ. ನಾನು ಎಂದಿನಂತೆ ಹೊಸ್ತಿಲ ಹತ್ತಿರ ಹೋದೆ.

"ನಿಮ್ಮವ್ವಗ ಹೇಳು..." ಎಂದರು.

ನಾನು ಕಾದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು.

"ಬ್ಯಾಡ ಬಿಡು. ಏನೂ ಇಲ್ಲ."

ಮೆಟ್ಟಿಲಿಳಿಯುವ ಸಪ್ಪಳ, ಟ್ರಂಕು ಗೋಡೆಗೆ ತಾಗುವ ಸಪ್ಪಳ ಕೆಳಗಿನ ಮಹಡಿಯವರೆಗೂ ಕೇಳಿಸಿತು. ನಾನು ಅಡುಗೆಮನೆಯೊಳಗೆ ಹೋದೆ. ಒಲೆ ಆರಿತ್ತು. ಅವ್ವ ಬಾಗಿಲ ಹಿಂದೆ ಗೋಡೆಗೆ ಅಂಟಿಕೊಂಡು, ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಏನಂದ್ರು?" ಎಂದು ಕೇಳಿದಳು.

"ಏನೂ ಇಲ್ಲಂತ," ಎಂದೆ.

ಕೆಳಗೆ ರಿಕ್ಷಾ ಶುರುವಾಗಿ, ತಿರುವಿನಲ್ಲಿ ಹೊರಳಿ, ಸಪ್ಪಳ ಕರಗಿತು. ಆಮೇಲೆ ಅವಳು ನನ್ನ ಕೈಗೆ ಬಾಚಣಿಗೆ ಕೊಟ್ಟು, ಶಾಲೆಗೆ ಹೊತ್ತಾಯಿತು, ಜಡೆ ಹಾಕುತ್ತೇನೆ, ಕೂಡು ಎಂದಳು.